ಅವ್ವನ ಮನೆ ಯಾವ ಊರಲ್ಲಿ?

ಪ್ರಶ್ನೆ

ನಾನು ಇರುವುದು ನಿಪ್ಪಾಣಿಯಲ್ಲಿ. ತವರುಮನೆ ಅಥಣಿ ತಾಲೂಕಿನಲ್ಲಿ, ಕೃಷ್ಣಾ ನದಿ ದಂಡೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡು 14 ವರ್ಷವಾಯಿತು. ಅವ್ವನಿಗೆ ಈಗ 76. ಒಂದು ಮನೆ, 4 ಎಕರೆ 20 ಗುಂಟೆ ಕಬ್ಬಿನ ಹೊಲ, ಎರಡೂ ಅವ್ವನ ಹೆಸರಿನಲ್ಲೇ ಇವೆ. ಎರಡು ವರ್ಷದ ಹಿಂದೆ ಅವ್ವ ಒಲೆ ಹಚ್ಚಿದ್ದನ್ನು ಮರೆಯುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಶುರುವಾಯಿತು. ಮಿರಜಿನ ದವಾಖಾನೆಗೆ ತೋರಿಸಿದೆವು. ಡಿಮೆನ್ಷಿಯಾ ಅಂದರು.

ಅಣ್ಣ ಇಚಲಕರಂಜಿಯಲ್ಲಿ ಪವರ್‌ಲೂಮ್ ಇಟ್ಟಿದ್ದಾನೆ. ದೀಪಾವಳಿಗೆ ಊರಿಗೆ ಬಂದವನು, "ನಾಕ ದಿನಾ ಇಟಗೊಂಡ ಕಳಸ್ತೀನಿ" ಎಂದು ಅವ್ವನನ್ನು ಕರೆದುಕೊಂಡು ಹೋದ. ಮೂರು ತಿಂಗಳಾಯಿತು, ಕಳಿಸಿಲ್ಲ. ನೋಡಲು ಹೋದರೆ ವೈನಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ಅಷ್ಟರಲ್ಲಿ ನಾನು ಅವ್ವನ ಕೈ ಹಿಡಿದೆ. ಎಡಗೈ ಹೆಬ್ಬೆರಳಿಗೆ ನೀಲಿ ಮಸಿ ಹತ್ತಿತ್ತು. ಏನಕ್ಕೆ ಎಂದರೆ ಅವ್ವನಿಗೆ ಗೊತ್ತಿಲ್ಲ. "ನಮ್ಮ ಮನೀಗಿ ಯಾವಾಗ ಹೋಗೂದವಾ?" ಎಂದು ಮಾತ್ರ ಕೇಳಿದಳು. ಆಮೇಲೆ ಅಣ್ಣ ಫೋನ್ ಮಾಡಿ, ಇನ್ನೊಮ್ಮೆ ಬಂದರೆ ಕಾಲು ಮುರಿಯುತ್ತೇನೆ ಎಂದ. ಹೊಲವನ್ನು ಬಕ್ಷೀಸ ಪತ್ರ ಮಾಡಿಸಿಕೊಳ್ಳುವ ತಯಾರಿ ನಡೆದಿದೆ ಎಂದು ಊರಲ್ಲಿ ಸುದ್ದಿ.

ಅವ್ವ ಮಹಾರಾಷ್ಟ್ರದಲ್ಲಿ ಇದ್ದಾಳೆ, ಕೊಲ್ಲಾಪುರಕ್ಕೇ ಹೋಗಬೇಕು ಎಂದು ಒಬ್ಬರು ಹೇಳುತ್ತಾರೆ. ಬೆಳಗಾವಿಗೆ ಹೋಗು ಎಂದು ಇನ್ನೊಬ್ಬರು. ಬಾಂಡ್ ಬರೆಯುವವರೊಬ್ಬರು, "ಹೆಂಗರ ಮಾಡಿ ಅವ್ವನ ಕರ್ಕೊಂಡ ಬರ್ರಿ, ನೀವ ವಟಮುಖತ್ಯಾರ ಮಾಡಿಸಿಕೊಂಡ ಬಿಡ್ರಿ" ಎಂದರು. ನಾನು ಯಾವ ಕೋರ್ಟಿನ ಬಾಗಿಲು ಬಡಿಯಲಿ?

— ನೊಂದ ಮಗಳು, ನಿಪ್ಪಾಣಿ

ಉತ್ತರ

ತಂಗೀ, ನಿಮ್ಮ ಪತ್ರದಲ್ಲಿ ಹೆಬ್ಬೆರಳಿನ ಮಸಿಯ ಸಾಲು ಓದಿ ಎದೆ ಝಲ್ಲೆಂದಿತು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರ ಮುಂದಿನ ಸಾಲಿನಲ್ಲಿ. "ನಮ್ಮ ಮನೀಗಿ ಯಾವಾಗ ಹೋಗೂದವಾ?" ಈ ಮಾತನ್ನು ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ, ಅವ್ವ ಹೇಳಿದ ಹಾಗೇ, ತಾರೀಖು ಹಾಕಿ ಬರೆದಿಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಬಾಂಡ್ ಬರಹಗಾರರ ಸಲಹೆಯನ್ನು ಬದಿಗಿಡಿ. ಮುಖತ್ಯಾರ ಪತ್ರ ಕೊಡುವವರಿಗೆ ತಾವು ಏನು ಕೊಡುತ್ತಿದ್ದೇವೆ ಎಂಬ ತಿಳಿವಳಿಕೆ ಇರಬೇಕು. ಮೊದಲೇ, ಬುದ್ಧಿ ಚೆನ್ನಾಗಿದ್ದಾಗ ಬರೆದುಕೊಟ್ಟ ಮುಖತ್ಯಾರ ಪತ್ರ ಕೂಡ, ಕೊಟ್ಟವರ ಬುದ್ಧಿಸ್ಥಿಮಿತ ಹೋದರೆ ಅಲ್ಲಿಗೇ ಮುಗಿಯುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಂ ಹೇಳುವುದು ಇದನ್ನೇ. ಅಣ್ಣ ಹಾಕಿಸಿಕೊಂಡ ಹೆಬ್ಬೆಟ್ಟು ತಪ್ಪಾದರೆ ನೀವು ಹಾಕಿಸಿಕೊಳ್ಳುವ ಹೆಬ್ಬೆಟ್ಟೂ ತಪ್ಪೇ. ನಾಳೆ ಕೋರ್ಟಿನಲ್ಲಿ ನಿಮ್ಮ ಕೈ ಸ್ವಚ್ಛ ಇರಬೇಕು. ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಹೋಗಿ ಅವ್ವನನ್ನು ಎತ್ತಿ ತರುವ ವಿಚಾರವನ್ನೂ ಬಿಡಿ. ಮರೆವಿನ ಕಾಯಿಲೆಯವರಿಗೆ ಅಂಥ ಗದ್ದಲ ದೊಡ್ಡ ಆಘಾತ.

ಈಗ ಕೋರ್ಟಿನ ಮಾತು. ನಮ್ಮ ಸೀಮೆಯ ಬದುಕು ಗಡಿಯ ಆಚೆ ಈಚೆ ಹರಡಿದೆ. ಕಾಗವಾಡದವರಿಗೆ ದವಾಖಾನೆ ಎಂದರೆ ಮಿರಜ. ನಿಪ್ಪಾಣಿಯವರಿಗೆ ಕೊಲ್ಲಾಪುರ ಮನೆಯಂಗಳ. ಸದಲಗಾ, ಬೋರಗಾಂವದ ಹುಡುಗರಿಗೆ ಇಚಲಕರಂಜಿಯ ಮಗ್ಗ ಅನ್ನದ ದಾರಿ. ಹೆಣ್ಣು ಕೊಟ್ಟು ತಂದ ಮನೆಗಳು ಎರಡೂ ಕಡೆ. ಹೀಗಿರುವಾಗ ಮುಪ್ಪಿನವರು ಮಗನ ಮನೆ, ಮಗಳ ಮನೆ ಎಂದು ಗಡಿ ದಾಟುವುದು ಸಹಜ. ತೊಡಕು ಹುಟ್ಟುವುದು ಕರೆದುಕೊಂಡು ಹೋದವರು ವಾಪಸು ಕಳಿಸದೆ ಇದ್ದಾಗ. ಆಗ ಎಲ್ಲರೂ "ಆಕೆ ಈಗ ಎಲ್ಲಿದ್ದಾಳೆ?" ಎಂದು ಕೇಳುತ್ತಾರೆ. ಕಾನೂನು ಕೇಳುವುದು ಬೇರೆ: "ಆಕೆಯ ಮನೆ ಎಲ್ಲಿ?" ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸದಲ್ಲೇ ನಿಮ್ಮ ಬಲ ಇದೆ.

ಅಧಿಕಾರ ವ್ಯಾಪ್ತಿಯನ್ನು ಮೂರು ಮಾತಿನಲ್ಲಿ ನೆನಪಿಡಿ. ಹೊಲದ ವ್ಯಾಜ್ಯ ಹೊಲ ಇರುವಲ್ಲಿ. ವ್ಯಕ್ತಿಯ ಪಾಲನೆಯ ಅರ್ಜಿ ಆ ವ್ಯಕ್ತಿ ಸಾಮಾನ್ಯವಾಗಿ ವಾಸಿಸುವಲ್ಲಿ. ರಕ್ಷಣೆಯ ಅರ್ಜಿ ನೊಂದವರು ಕಾಯಂ ಇರುವಲ್ಲಿ ಇಲ್ಲವೆ ತಾತ್ಪೂರ್ತಿಕ ಇರುವಲ್ಲಿ. ಒಂದೊಂದಾಗಿ ನೋಡೋಣ. ಹೊಲಕ್ಕೆ ಅವಸರ ಇದೆ, ಅದನ್ನೇ ಮೊದಲು ಹಿಡಿಯೋಣ.

ಹೊಲ ಓಡಿಹೋಗುವುದಿಲ್ಲ, ಕಾಗದ ಓಡುತ್ತದೆ

ಅಥಣಿ ತಾಲೂಕಿನ ಹೊಲದ ಬಕ್ಷೀಸ ಪತ್ರವನ್ನು ಇಚಲಕರಂಜಿಯಲ್ಲಿ ನೋಂದಾಯಿಸಲು ಬರುವುದಿಲ್ಲ. ಕರ್ನಾಟಕದ ಉಪನೋಂದಣಿ ಕಚೇರಿಗೇ ಬರಬೇಕು. ಆದರೆ ಮುಖತ್ಯಾರ ಪತ್ರವನ್ನು ಅಲ್ಲಿ ಮಾಡಿಸಿ, ಅದನ್ನು ಹಿಡಿದು ಇಲ್ಲಿ ನೋಂದಣಿಗೆ ಬರಬಹುದು. ಆ ನೀಲಿ ಮಸಿ ಅದಕ್ಕೇ ಇರಬಹುದೆಂಬುದು ನನ್ನ ಅನುಮಾನ. ಹಾಗಾಗಿ ತಡಮಾಡದೆ ಅಥಣಿಗೆ ಹೋಗಿ ಹೊಸ ಉತಾರ ತೆಗೆಸಿ, ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಮಿರಜಿನ ವೈದ್ಯರ ಕಾಗದಗಳ ಝೆರಾಕ್ಸ್ ಲಗತ್ತಿಸಿ ಉಪನೋಂದಣಾಧಿಕಾರಿಗೂ ತಹಶೀಲ್ದಾರರಿಗೂ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರ ಬರೆದುಕೊಡುವವರ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕಂಡರೆ ನೋಂದಣಿ ನಿರಾಕರಿಸಬೇಕೆಂದು 1908ರ ನೋಂದಣಿ ಕಾಯ್ದೆಯ 35ನೇ ಕಲಂನಲ್ಲೇ ಇದೆ.

ತಕರಾರು ಅರ್ಜಿ ಒಂದರಿಂದಲೇ ಎಲ್ಲ ನಿಂತಿತು ಎಂದು ನೆಮ್ಮದಿಯಾಗಿ ಕೂರಬೇಡಿ. ಗಟ್ಟಿಯಾಗಿ ನಿಲ್ಲಿಸುವುದು ಕೋರ್ಟಿನ ತಡೆಯಾಜ್ಞೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ ಪ್ರಕಾರ ಸ್ಥಿರಾಸ್ತಿಯ ದಾವೆ ಆಸ್ತಿ ಇರುವ ಜಾಗದ ಕೋರ್ಟಿನಲ್ಲಿ. ನಿಮ್ಮ ಪಾಲಿಗೆ ಅದು ಅಥಣಿಯ ಸಿವಿಲ್ ಕೋರ್ಟು. ಅಣ್ಣ ಎಲ್ಲೇ ಇರಲಿ, ಅಲ್ಲಿಗೇ ಬಂದು ಉತ್ತರಿಸಬೇಕು. ಅವ್ವನಿಗೆ ತಾನೇ ದಾವೆ ನಡೆಸಲು ಆಗದೆ ಇದ್ದರೆ, ಆಕೆಯ ಪರವಾಗಿ ಹಿತೈಷಿಯೊಬ್ಬರು ನಡೆಸಲು ಅದೇ ಸಂಹಿತೆಯ 32ನೇ ಆದೇಶದಲ್ಲಿ ದಾರಿ ಇದೆ. ವಕೀಲರು 'ನೆಕ್ಸ್ಟ್ ಫ್ರೆಂಡ್' ಎನ್ನುವುದು ಇವರನ್ನೇ. ಆದರೆ ಅವ್ವನಿಗೆ ಆ ಶಕ್ತಿ ಇಲ್ಲವೆಂದು ನೀವು ಹೇಳಿದರೆ ಸಾಲದು, ಕೋರ್ಟು ತಾನೇ ವಿಚಾರಣೆ ಮಾಡಿ ಮನಗಾಣಬೇಕು. ಪತ್ರ ಆಗಲೇ ನೋಂದಣಿಯಾಗಿಬಿಟ್ಟಿದ್ದರೂ ಗಾಬರಿ ಬೇಡ, ರದ್ದು ಕೋರಿ ದಾವೆ ಹಾಕಬಹುದು. ಆಗ ನಿರ್ಣಾಯಕವಾಗುವುದು ತಾರೀಖು. ವೈದ್ಯರ ಚೀಟಿ ಮೊದಲಿನದೋ, ಹೆಬ್ಬೆಟ್ಟು ಮೊದಲಿನದೋ? ಆದ್ದರಿಂದ ಎರಡು ವರ್ಷದ ಹಿಂದಿನ ಮಿರಜಿನ ಆ ಮೊದಲ ಚೀಟಿಯನ್ನು ಜೋಪಾನ ಮಾಡಿ.

ಗಡಿ ದಾಟಿಯೂ ನಡೆಯುವ ಆದೇಶ

ಅವ್ವನ ರಕ್ಷಣೆಗೆ ಬೇಗ ಕೈಗೆ ಸಿಗುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಅದು ಗಂಡ ಹೆಂಡತಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಒಂದೇ ಮನೆಯಲ್ಲಿ ಬಾಳಿದ ತಾಯಿಯೂ ಮಗನ ವಿರುದ್ಧ ರಕ್ಷಣೆ ಕೇಳಬಹುದು. ತಾಯಿಯ ಪರವಾಗಿ ಬೇರೆಯವರು ಅರ್ಜಿ ಹಾಕಲು 12ನೇ ಕಲಂ ಅವಕಾಶ ಕೊಡುತ್ತದೆ. ಹಣಕಾಸಿನ ಶೋಷಣೆಯನ್ನೂ ಈ ಕಾಯ್ದೆ ದೌರ್ಜನ್ಯ ಎಂದೇ ಎಣಿಸುತ್ತದೆ.

ಎಲ್ಲಿ ಹಾಕಬೇಕು? 27ನೇ ಕಲಂ ಇದನ್ನು ಹೆಣ್ಣುಮಕ್ಕಳ ಕಡೆಗೇ ಒಲಿದು ಬರೆದಿದೆ. ನೊಂದವರು ಕಾಯಂ ವಾಸಿಸುವ ಊರು, ತಾತ್ಪೂರ್ತಿಕ ಇರುವ ಊರು, ಎದುರಾಳಿ ಇರುವ ಊರು, ಘಟನೆ ನಡೆದ ಊರು, ಇವುಗಳಲ್ಲಿ ಯಾವುದರ ಮ್ಯಾಜಿಸ್ಟ್ರೇಟ್ ಕೋರ್ಟಾದರೂ ಸರಿ. 2020ರ ಜನವರಿಯಲ್ಲಿ ಬೆಂಗಳೂರಿನ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗಂಡನ ಕಡೆಯವರು ಚೆನ್ನೈ, ರಾಜಸ್ಥಾನ, ಗುಜರಾತಿನಲ್ಲಿ ಇದ್ದರು. ಬೆಂಗಳೂರಿನ ಕೋರ್ಟಿಗೆ ಅಧಿಕಾರವೇ ಇಲ್ಲ ಎಂದು ವಾದಿಸಿದರು. ಹೆಣ್ಣುಮಗಳು ಈಗ ಇರುವ ಬೆಂಗಳೂರಿನ ಕೋರ್ಟಿಗೆ ಅಧಿಕಾರ ಇದ್ದೇ ಇದೆ ಎಂದು ಸುಪ್ರೀಂ ಕೋರ್ಟು ಹೇಳಿತು. ನಿಮ್ಮ ಅವ್ವನ ಕಾಯಂ ಮನೆ ಅಥಣಿ ತಾಲೂಕಿನಲ್ಲಿ. ಅಥಣಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಬಹುದು.

ಅದೇ ಕಲಂನ ಎರಡನೆಯ ಉಪಕಲಂ ಗಡಿಯಲ್ಲಿ ಇರುವ ನಮಗೆಲ್ಲ ಬಾಯಿಪಾಠ ಇರಬೇಕು: ಈ ಕಾಯ್ದೆಯಡಿ ಹೊರಡಿಸಿದ ಆದೇಶ ಭಾರತದಾದ್ಯಂತ ಜಾರಿಯಾಗುತ್ತದೆ. ಅಥಣಿಯ ಆದೇಶ ಕೋಗನೊಳ್ಳಿಯ ಟೋಲ್ ನಾಕೆಯಲ್ಲಿ ನಿಲ್ಲುವುದಿಲ್ಲ. ಅವ್ವನ ಆಸ್ತಿ ಪರಭಾರೆ ಮಾಡದಂತೆ, ಬ್ಯಾಂಕ್ ಖಾತೆ ಮುಟ್ಟದಂತೆ 18ನೇ ಕಲಂ ಅಡಿ ಆದೇಶ ಕೇಳಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು. ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸ ಮಾಡುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ.

ನಿಮಗೆ ಬಂದ ಬೆದರಿಕೆಯ ಕರೆಯ ಬಗ್ಗೆ ನಿಪ್ಪಾಣಿ ಠಾಣೆಯಲ್ಲಿ ದೂರು ಕೊಡಿ. "ಇದು ನಮ್ಮ ಹದ್ದಿನದಲ್ಲ" ಎಂದು ಯಾರೂ ತಳ್ಳಿಹಾಕಲು ಬರುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಠಾಣೆಯ ಹದ್ದು ನೋಡದೆ ದೂರು ದಾಖಲಿಸುವುದಕ್ಕೆ ಅವಕಾಶ ಕೊಟ್ಟಿದೆ.

ಚಿಕ್ಕೋಡಿಯ ಬಾಗಿಲು

ಇನ್ನೊಂದು ಸುಲಭದ ಬಾಗಿಲು ಹಿರಿಯ ನಾಗರಿಕರ 2007ರ ಕಾಯ್ದೆಯದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ಚಿಕ್ಕೋಡಿಯ ಉಪವಿಭಾಗಾಧಿಕಾರಿಯೇ, ನಾವು ಎಸಿ ಸಾಹೇಬರು ಎನ್ನುವವರೇ, ಈ ಕಾಯ್ದೆಯ ನ್ಯಾಯಮಂಡಳಿಯ ಮುಖ್ಯಸ್ಥರು. ಹಿರಿಯರು ಈಗ ವಾಸಿಸುವ ಜಿಲ್ಲೆ, ಕಡೆಯದಾಗಿ ವಾಸಿಸಿದ ಜಿಲ್ಲೆ, ಮಕ್ಕಳು ಇರುವ ಜಿಲ್ಲೆ, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದೆಂದು 6ನೇ ಕಲಂ ಹೇಳುತ್ತದೆ. 'ಕಡೆಯದಾಗಿ ವಾಸಿಸಿದ' ಎಂಬ ಆ ಒಂದು ಮಾತು ನಿಮ್ಮ ಅವ್ವನನ್ನು ಇಚಲಕರಂಜಿಯಿಂದ ಚಿಕ್ಕೋಡಿಯ ಮಂಡಳಿಗೆ ತಂದು ನಿಲ್ಲಿಸುತ್ತದೆ. ಮಂಡಳಿ ತಾನಾಗಿಯೂ ಪ್ರಕರಣ ಕೈಗೆತ್ತಿಕೊಳ್ಳಬಹುದು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, ಆ ಪತ್ರವನ್ನು ಅನೂರ್ಜಿತ ಎಂದು ಸಾರುವ ಅಧಿಕಾರವೂ 23ನೇ ಕಲಂನಲ್ಲಿ ಇದೆ. ಇಲ್ಲಿ ಮೊದಲು ರಾಜಿ ಮಾತುಕತೆಗೆ ಕೂರಿಸುತ್ತಾರೆ. ಅಣ್ಣ ತಂಗಿ ಮುಖ ನೋಡಿ ಮಾತಾಡಲು ಕೋರ್ಟಿನ ಕಟಕಟೆಗಿಂತ ಇದು ಮೆತ್ತಗಿನ ಜಾಗ.

ಪಾಲಕರನ್ನು ನೇಮಿಸುವವರು ಯಾರು?

ಮಕ್ಕಳಿಗೆ ಪಾಲಕರನ್ನು ನೇಮಿಸಲು 1890ರ ಕಾಯ್ದೆ ಇದೆ. ದೊಡ್ಡವರ ವಿಷಯದಲ್ಲಿ ನಮ್ಮ ಕಾನೂನು ಇನ್ನೂ ಹರಿದ ಕೌದಿ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ವ್ಯಕ್ತಿ ವಾಸಿಸುವ ಪ್ರದೇಶದ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಪಾಲಕರನ್ನೂ ಆಸ್ತಿಯ ವ್ಯವಸ್ಥಾಪಕರನ್ನೂ ನೇಮಿಸುತ್ತಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ಮಟ್ಟಿಗೆ 'ನಾಮನಿರ್ದೇಶಿತ ಪ್ರತಿನಿಧಿ'ಯನ್ನು ಕೊಟ್ಟಿತು, ಆಸ್ತಿಯ ಮಾತು ಎತ್ತಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ. 18 ತುಂಬಿದ ಅಂಥ ಮಕ್ಕಳ ತಂದೆತಾಯಿ ಇದನ್ನು ಓದುತ್ತಿದ್ದರೆ ಬೆಳಗಾವಿಯ ಆ ಸಮಿತಿಗೆ ಅರ್ಜಿ ಹಾಕಿ, ಇವತ್ತು ನಾಳೆ ಎನ್ನಬೇಡಿ.

ನಿಮ್ಮ ಅವ್ವನಿಗೆ ಹೊಂದುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಂ. ನೆನಪು ಮತ್ತು ವಿವೇಚನೆಗೆ ತೀವ್ರ ಧಕ್ಕೆ ತರುವ ಕಾಯಿಲೆಯೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಜಿಲ್ಲಾ ನ್ಯಾಯಾಲಯ ಇಲ್ಲವೆ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರ 'ಸೀಮಿತ ಪಾಲಕ'ರನ್ನು ನೇಮಿಸಬಹುದು. ಬೆಳಗಾವಿ ಜಿಲ್ಲಾ ನ್ಯಾಯಾಲಯದ ಹೆಚ್ಚುವರಿ ಪೀಠ ಚಿಕ್ಕೋಡಿಯಲ್ಲೂ ಇದೆ. ಅರ್ಜಿಯನ್ನು ಎಲ್ಲಿ ದಾಖಲಿಸಬೇಕೆಂದು ವಕೀಲರು ನೋಡಿಕೊಳ್ಳುತ್ತಾರೆ. ಇದಕ್ಕೆ ಸರ್ಕಾರಿ ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ. ಬೆಳಗಾವಿಯ ಬಿಮ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು.

ಕೋಮಾದಲ್ಲಿ ಇರುವವರಂತೆ ಯಾವ ಕಾಯ್ದೆಯೂ ಹಿಡಿಯದ ಪ್ರಕರಣಗಳಲ್ಲಿ ಹೈಕೋರ್ಟುಗಳೇ 226ನೇ ವಿಧಿಯಡಿ ಪಾಲಕರನ್ನು ನೇಮಿಸಿವೆ. 2019ರ ಫೆಬ್ರುವರಿಯಲ್ಲಿ ಕೇರಳ ಹೈಕೋರ್ಟ್ ಇದಕ್ಕೆ ಕ್ರಮವನ್ನೇ ಬರೆದುಕೊಟ್ಟಿತು. ವೈದ್ಯರ ಮಂಡಳಿ ಪರೀಕ್ಷಿಸಬೇಕು, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮನೆಗೆ ಹೋಗಿ ನೋಡಬೇಕು, ಪಾಲಕರು ಆರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ನಮ್ಮ ಜಿಲ್ಲೆಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. ಆಚೆ ಕೊಲ್ಲಾಪುರದಲ್ಲಿ 2025ರ ಆಗಸ್ಟ್‌ನಿಂದ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಕೂರುತ್ತಿದೆ. ಅಣ್ಣ ಅಲ್ಲಿ ಮೊದಲೇ ಅರ್ಜಿ ಹಾಕಿರಬಹುದು ಎಂದು ನಿಮಗೆ ಭಯವಾದರೆ ಅದು ಅಕಾರಣ ಅಲ್ಲ.

ಹಾಗೇನಾದರೂ ಅಲ್ಲಿಂದ ನೋಟಿಸ್ ಬಂದರೆ ಹರಿದು ಬಿಸಾಡಬೇಡಿ, ಸುಮ್ಮನೆ ಇಟ್ಟುಕೊಳ್ಳಲೂ ಬೇಡಿ. ಹಾಜರಾಗಿ, ಮೊದಲ ಅವಕಾಶದಲ್ಲೇ "ಅವ್ವನ ವಾಸ ಇಲ್ಲಿನದಲ್ಲ" ಎಂಬ ಆಕ್ಷೇಪ ದಾಖಲಿಸಿ. ತಡಮಾಡಿ ಎತ್ತಿದ ವ್ಯಾಪ್ತಿಯ ತಕರಾರನ್ನು ಕೋರ್ಟುಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಎರಡು ರಾಜ್ಯದಲ್ಲಿ ಎರಡು ವ್ಯಾಜ್ಯ ಎದ್ದರೆ ಒಂದು ಕಡೆಗೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಇದೆ.

ಸಾಮಾನ್ಯ ವಾಸ ಎಂದರೇನು?

ಈಗ ನೋಟ್‌ಬುಕ್ಕಿನ ಮಾತಿಗೆ ಬರುತ್ತೇನೆ. 'ಸಾಮಾನ್ಯವಾಗಿ ವಾಸಿಸುವ ಜಾಗ' ಯಾವುದು ಎಂಬುದಕ್ಕೆ ಅಳತೆಗೋಲು ಇಲ್ಲ. ಮಕ್ಕಳ ಪಾಲನೆಯ ಪ್ರಕರಣವೊಂದರಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಅದು ಬಹುಮಟ್ಟಿಗೆ ಉದ್ದೇಶದ ಪ್ರಶ್ನೆ, ಆಯಾ ಪ್ರಕರಣದ ಸಂಗತಿಗಳ ಮೇಲೆ ತೀರ್ಮಾನವಾಗಬೇಕಾದದ್ದು ಎಂದಿತು. ಅಮೆರಿಕದಲ್ಲಿ ರಾಜ್ಯ ರಾಜ್ಯಗಳ ನಡುವೆ ಹಿರಿಯರನ್ನು ಹೀಗೇ ಎಳೆದಾಡುವುದು ಹೆಚ್ಚಿದಾಗ 2007ರಲ್ಲಿ ಒಂದು ಮಾದರಿ ಕಾನೂನು ರೂಪಿಸಿದರು. ಅರ್ಜಿಗೆ ಮುಂಚಿನ ಆರು ತಿಂಗಳು ಸತತವಾಗಿ ಆ ವ್ಯಕ್ತಿ ಎಲ್ಲಿ ಇದ್ದರೋ ಆ ರಾಜ್ಯಕ್ಕೆ ಮೊದಲ ಹಕ್ಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಅಂಥ ನಿಯಮ ಇಲ್ಲ. ಇಲ್ಲಿ ಸಾಕ್ಷಿಯೇ ಮಾತಾಡಬೇಕು.

ಸಾಕ್ಷಿ ನಿಮ್ಮ ಕೈಯಲ್ಲಿ ಇದೆ. ಪಡಿತರ ಚೀಟಿ, ಮತದಾರರ ಪಟ್ಟಿ, ಮನೆಯ ಕರೆಂಟ್ ಬಿಲ್ಲು, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು, ಗೃಹಲಕ್ಷ್ಮಿ ಹಣ ಜಮೆಯಾಗುವ ಪಾಸ್‌ಬುಕ್ಕು, ಬಾಜೂ ಮನೆಯವರ ಹೇಳಿಕೆ. "ನಾಕ ದಿನಾ ಇಟಗೊಂಡ ಕಳಸ್ತೀನಿ" ಎಂದು ಅಣ್ಣ ಹೇಳಿದ್ದನ್ನು ಕೇಳಿದವರು ಯಾರಿದ್ದಾರೋ ಅವರ ಮಾತು. ಎಲ್ಲಕ್ಕಿಂತ ಮೇಲೆ, ಮನೆಗೆ ಯಾವಾಗ ಹೋಗುವುದು ಎಂಬ ಅವ್ವನ ಪ್ರಶ್ನೆ. ವಾರ, ತಾರೀಖು, ಮೊನ್ನೆ ಉಂಡ ಊಟ ಅವ್ವ ಮರೆತಿರಬಹುದು. ತನ್ನ ಮನೆ ಇದಲ್ಲ ಎಂಬುದನ್ನು ಮರೆತಿಲ್ಲ. ಆದರೆ ತಿಂಗಳುಗಳು ಉರುಳಿದಂತೆ 'ತಾತ್ಪೂರ್ತಿಕ' ಎಂಬುದು 'ಕಾಯಂ' ಎಂದು ಕಾಣತೊಡಗುತ್ತದೆ. ತಡ ಮಾಡಬೇಡಿ.

ಕೊನೆಗೆ ನಿಮಗೇ ಒಂದು ಮಾತು

ನೀವೂ ಆ ಹೊಲದ ನಾಳಿನ ಪಾಲುದಾರರು. 2016ರ ಕಾಯ್ದೆಯ 13ನೇ ಕಲಂ, ಬೆಂಬಲ ಕೊಡುವವರಿಗೂ ಅಂಗವಿಕಲ ವ್ಯಕ್ತಿಗೂ ಒಂದು ವ್ಯವಹಾರದಲ್ಲಿ ಹಿತಾಸಕ್ತಿಯ ತಿಕ್ಕಾಟ ಇದ್ದರೆ, ಆ ವ್ಯವಹಾರದಿಂದ ಬೆಂಬಲಿಗರು ದೂರ ಸರಿಯಬೇಕು ಎನ್ನುತ್ತದೆ. ಅದು ಅಣ್ಣನಿಗೂ ಲಾಗು, ನಿಮಗೂ ಲಾಗು. ಹಾಗಾಗಿ ಅರ್ಜಿಯಲ್ಲಿ ನೀವೇ ಬರೆಸಿ: ಕಬ್ಬಿನ ಬಿಲ್ಲು ಅವ್ವನ ಖಾತೆಗೇ ಜಮೆಯಾಗಲಿ, ಖರ್ಚಿನ ಲೆಕ್ಕ ಕೋರ್ಟಿಗೆ ಒಪ್ಪಿಸುತ್ತೇನೆ, ಅವ್ವ ಇರುವವರೆಗೆ ಹೊಲ ಯಾರ ಹೆಸರಿಗೂ ಆಗದಿರಲಿ, ಅಣ್ಣ ಬಂದು ಅವ್ವನನ್ನು ನೋಡಲು ಅಡ್ಡಿಯಿಲ್ಲ. ಇಷ್ಟು ಹೇಳುವ ಮಗಳ ಮಾತಿಗೆ ತೂಕ ಇರುತ್ತದೆ. ಅವ್ವನನ್ನು ನ್ಯಾಯಾಧೀಶರೇ ಖುದ್ದಾಗಿ ಮಾತಾಡಿಸಲಿ ಎಂದೂ ಕೇಳಿಕೊಳ್ಳಿ. ಸೀಮಿತ ಪಾಲಕತ್ವ ಎಂದರೆ ಅವ್ವನ ಬದಲಿಗೆ ತೀರ್ಮಾನಿಸುವುದಲ್ಲ, ಅವ್ವನ ಜೊತೆ ಕೂತು ತೀರ್ಮಾನಿಸುವುದು.

ಖರ್ಚಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ 1987ರ ಕಾಯ್ದೆ ಉಚಿತ ವಕೀಲರನ್ನು ಕೊಡುತ್ತದೆ. ಅಥಣಿ ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಫೋನಿನಲ್ಲಾದರೆ 15100. ಹಿರಿಯರ ಸಹಾಯವಾಣಿ 14567.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಥಣಿಗೆ ಹೊರಡಿ. ಮೊದಲು ಉತಾರ ಮತ್ತು ತಕರಾರು, ಆಮೇಲೆ ಸೇವಾ ಸಮಿತಿಯ ವಕೀಲರು. ಬರುವಾಗ ಊರಿಗೆ ಹೋಗಿ, ಅವ್ವನ ಮನೆಯ ಬೀಗ ತೆಗೆದು, ಕಸ ಹೊಡೆದು, ದೀಪ ಹಚ್ಚಿ ಬನ್ನಿ. ಆ ಮನೆಗೆ ಅವ್ವ ಬರುವವಳಿದ್ದಾಳೆ ಎಂದು ಓಣಿಯವರಿಗೂ ಗೊತ್ತಾಗಲಿ.